ಅಮ್ಮನ ಲ್ಯಾಪ್‌ಟಾಪ್‌ಗೆ ಯಾವ ಉಚಿತ ಆ್ಯಂಟಿವೈರಸ್? ನಾಲ್ಕನ್ನು ಬಳಸಿ ನೋಡಿದ ಮೇಲೆ

ಒಂದು ಬೆಳಿಗ್ಗೆ ಅಮ್ಮ ಬ್ರೌಸರ್ ತೆರೆದರೆ ಎಂದೂ ಕಾಣದ ಹುಡುಕುಪುಟ ಬಂತು. ಪಿಡಿಎಫ್ ಜೋಡಿಸುವ ಉಚಿತ ತಂತ್ರಾಂಶವೊಂದನ್ನು ಹಿಂದಿನ ದಿನ ಹಾಕಿಕೊಂಡಿದ್ದಳು. ಅದರ ಬೆನ್ನಿಗೇ ಇನ್ನೆರಡು ಒಳಗೆ ನುಗ್ಗಿದ್ದವು. ಅನಾಹುತವೇನೂ ಆಗಲಿಲ್ಲ, ಅರ್ಧ ಗಂಟೆಯಲ್ಲಿ ಕಿತ್ತುಹಾಕಿದೆ. ಆದರೆ ಅವಳ ಬ್ಯಾಂಕ್ ವ್ಯವಹಾರ ನಡೆಯುವುದು ಅದೇ ಲ್ಯಾಪ್‌ಟಾಪಿನಲ್ಲಿ, ಹದಿನೈದು ವರ್ಷದ ಫೋಟೋಗಳಿರುವುದೂ ಅದರಲ್ಲೇ. ಆ್ಯಂಟಿವೈರಸ್ ಕೂಡ ಇತ್ತು, ಉಚಿತದ್ದು, ನಾನೇ ಹಾಕಿಕೊಟ್ಟದ್ದು. ಅದಿದ್ದೂ ಹೀಗೇಕಾಯಿತು ಅನ್ನುವುದು ತಲೆಯಲ್ಲಿ ಕೂತುಬಿಟ್ಟಿತು.

ಹಾಗಾಗಿ ಅದೇ ಯಂತ್ರದಲ್ಲಿ ಒಂದೊಂದನ್ನು ಸುಮಾರು ಒಂದು ತಿಂಗಳು ಇಟ್ಟು ನೋಡಿದೆ. ವಿಂಡೋಸ್ 11, ಎಂಟು ಜಿಬಿ ರ‍್ಯಾಮ್, ತಿರುಗುವ ಹಳೆ ಬಗೆಯ ಹಾರ್ಡ್ ಡಿಸ್ಕ್. ಎಸ್‌ಎಸ್‌ಡಿ ಇದ್ದರೆ ಯಾವ ಆ್ಯಂಟಿವೈರಸ್ಸಿನ ಭಾರವೂ ಅಷ್ಟಾಗಿ ತಿಳಿಯುವುದಿಲ್ಲ, ಇಂಥ ಡಿಸ್ಕಿನಲ್ಲಿ ತಕ್ಷಣ ತಿಳಿಯುತ್ತದೆ. ಹೋಲಿಕೆಗೆ ತೆಗೆದುಕೊಂಡದ್ದು ನಾಲ್ಕು: ಮೊದಲೇ ಇದ್ದ ಆ ಉಚಿತ ಆ್ಯಂಟಿವೈರಸ್, ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್, ಬಿಟ್‌ಡಿಫೆಂಡರ್‌ನ ಉಚಿತ ಆವೃತ್ತಿ ಮತ್ತು ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ.

ಪ್ರತಿಯೊಂದಕ್ಕೂ ಮೊದಲ ದಿನ ಮಾಡಿದ ಕೆಲಸ ಐಕಾರ್ ಪರೀಕ್ಷೆ. ಇದು 68 ಅಕ್ಷರಗಳ ಒಂದು ಸಾಲು, ಅಷ್ಟೆ. ವೈರಸ್ಸಲ್ಲ, ಏನೂ ಹಾಳು ಮಾಡುವುದಿಲ್ಲ. ಇದನ್ನು ಕಂಡರೆ ವೈರಸ್ ಕಂಡಂತೆಯೇ ಕೂಗಬೇಕೆಂದು ಆ್ಯಂಟಿವೈರಸ್ ತಯಾರಕರು ಒಪ್ಪಿಕೊಂಡಿರುವ ಸಾಲು. ನೋಟ್‌ಪ್ಯಾಡಿನಲ್ಲಿ ಅಂಟಿಸಿ, ಡೆಸ್ಕ್‌ಟಾಪಿನಲ್ಲಿ ಉಳಿಸಿದೆ. ಡಿಫೆಂಡರ್ ಇದ್ದಾಗ ಫೈಲಿನ ಚಿತ್ರ ಕಣ್ಣಿಗೆ ಬಿದ್ದು, ಒಂದೆರಡು ಉಸಿರಿನಲ್ಲಿ ಮಾಯವಾಯಿತು, ಬಲಗಡೆ ಮೂಲೆಯಲ್ಲಿ ಸಣ್ಣ ಸೂಚನೆ ಬಂತು. ಇದರಲ್ಲಿ ಪಾಸಾದರೆ ಕಾವಲುಗಾರ ಎಚ್ಚರವಾಗಿದ್ದಾನೆ ಎಂದಷ್ಟೇ ಗೊತ್ತಾಗುತ್ತದೆ, ಎಷ್ಟು ಜಾಣ ಎಂಬುದು ಗೊತ್ತಾಗುವುದಿಲ್ಲ. ನಿಜವಾದ ವೈರಸ್‌ಗಳನ್ನು ತಂದು ಮನೆಯ ಯಂತ್ರದಲ್ಲಿ ಬಿಟ್ಟು ನೋಡುವುದು ನಮ್ಮಂಥವರ ಕೆಲಸವಲ್ಲ, ದಯವಿಟ್ಟು ಮಾಡಬೇಡಿ. ಆ ಭಾಗಕ್ಕೆ ಜರ್ಮನಿಯ ಎವಿ-ಟೆಸ್ಟ್ ಮತ್ತು ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಎಂಬ ಪರೀಕ್ಷಾ ಪ್ರಯೋಗಾಲಯಗಳು ಪ್ರಕಟಿಸುವ ಫಲಿತಾಂಶಗಳನ್ನೇ ನೆಚ್ಚಿಕೊಂಡೆ.

ಮೊದಲೇ ಇದ್ದದ್ದರ ವಿಷಯಕ್ಕೆ ಬರುತ್ತೇನೆ. ಹೆಸರು ಬೇಡ, ಈ ಬಗೆಯವು ಇನ್ನೂ ಇವೆ. ಹಿಡಿಯುವುದರಲ್ಲಿ ಕಳಪೆಯಲ್ಲ. ಐಕಾರ್ ಸಾಲನ್ನು ಉಳಿಸುವ ಮೊದಲೇ ತಡೆಯಿತು. ಅಮ್ಮನ ಪಿಡಿಎಫ್ ತಂತ್ರಾಂಶದ ಜೊತೆ ಬಂದದ್ದನ್ನು ಯಾಕೆ ಬಿಟ್ಟಿತು ಎಂದು ಹುಡುಕಿದರೆ, ಬೇಡದ ತಂತ್ರಾಂಶಗಳನ್ನು ತಡೆಯುವ ಆಯ್ಕೆ ಸೆಟ್ಟಿಂಗ್ಸ್‌ನ ಮೂರನೇ ಪುಟದಲ್ಲಿ ಆಫ್ ಆಗಿ ಮಲಗಿತ್ತು. ನನಗೆ ಸಿಟ್ಟು ಬಂದದ್ದು ಅದಕ್ಕಲ್ಲ. ಅದು ತೋರಿಸುತ್ತಿದ್ದ ಕಿಟಕಿಗಳಿಗೆ. ಕೆಂಪು ಅಂಚು, ಎಚ್ಚರಿಕೆಯ ತ್ರಿಕೋನ, "ನಿಮ್ಮ ಕಂಪ್ಯೂಟರಿನಲ್ಲಿ ಸಮಸ್ಯೆಗಳು ಕಂಡುಬಂದಿವೆ" ಎಂಬ ಸಾಲು, ಕೆಳಗೆ ದೊಡ್ಡ ಹಸಿರು ಬಟನ್. ಒತ್ತಿದರೆ ಹಣ ಕೊಟ್ಟು ಕೊಳ್ಳುವ ಆವೃತ್ತಿಯ ಪುಟ. ಆ "ಸಮಸ್ಯೆಗಳು" ಬ್ರೌಸರಿನ ಕುಕಿಗಳು (ಜಾಲತಾಣಗಳು ಉಳಿಸಿಡುವ ಸಣ್ಣ ಟಿಪ್ಪಣಿಗಳು) ಮತ್ತು ತಾತ್ಕಾಲಿಕ ಫೈಲುಗಳು, ಅಷ್ಟೆ.

ಒಂದು ಸಂಜೆ ಅಮ್ಮನ ಪಕ್ಕದಲ್ಲೇ ಕೂತಿದ್ದೆ. ಅಂಥ ಕಿಟಕಿ ಬಂತು. ಓದುವ ಗೋಜಿಗೇ ಹೋಗದೆ ಅವಳ ಕೈ ಮೇಲಿನ ಮೂಲೆಯ ಕತ್ತರಿ ಗುರುತಿಗೆ ಹೋಗಿ ಮುಚ್ಚಿತು, ಸೊಳ್ಳೆ ಓಡಿಸಿದ ಹಾಗೆ. "ಇದು ದಿನಾ ಬರತ್ತೆ" ಅಂದಳು. ನನಗೆ ಅಲ್ಲೇ ವಿಷಯ ಹೊಳೆಯಿತು. ಜಾಹೀರಾತಿಗೂ ನಿಜವಾದ ಎಚ್ಚರಿಕೆಗೂ ಒಂದೇ ಬಟ್ಟೆ ತೊಡಿಸಿದರೆ, ಮನೆಯವರು ಎರಡನ್ನೂ ಒಂದೇ ಥರ ಮುಚ್ಚುತ್ತಾರೆ. ನಿಜವಾದದ್ದು ಬಂದ ದಿನವೂ ಮುಚ್ಚುತ್ತಾರೆ. ಅಷ್ಟು ಹೊತ್ತಿಗೆ ಆ ಆ್ಯಂಟಿವೈರಸ್ ಎಷ್ಟು ಚೆನ್ನಾಗಿ ಹಿಡಿದರೂ ಅದರ ಮಾತು ಕೇಳುವವರೇ ಇರುವುದಿಲ್ಲ. ಅಲ್ಲಿಂದ ಮುಂದೆ ಇದನ್ನೇ ಮುಖ್ಯ ಅಳತೆಗೋಲು ಮಾಡಿಕೊಂಡೆ.

ಉಚಿತ ಎಂದಾಗ ಇನ್ನೊಂದನ್ನೂ ನೋಡಬೇಕು. ನಮ್ಮ ಮನೆಯಲ್ಲಿದ್ದದ್ದು ಅದಲ್ಲ, ಆದರೂ ಅವಾಸ್ಟ್ ಪ್ರಕರಣ ಎಲ್ಲರಿಗೂ ತಿಳಿದಿರಬೇಕಾದದ್ದು. ಬಳಕೆದಾರರು ಯಾವ ಯಾವ ಜಾಲತಾಣ ನೋಡಿದರು ಎಂಬ ಮಾಹಿತಿಯನ್ನು ಅದರ ಅಂಗಸಂಸ್ಥೆ ಜಂಪ್‌ಶಾಟ್ ಮಾರುತ್ತಿದ್ದುದು ಸುದ್ದಿಯಾಗಿ, 2020ರ ಜನವರಿಯಲ್ಲಿ ಆ ಅಂಗಸಂಸ್ಥೆಯನ್ನು ಮುಚ್ಚಲಾಯಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ವಿಷಯದಲ್ಲಿ 2024ರಲ್ಲಿ 1.65 ಕೋಟಿ ಡಾಲರ್ ಕಟ್ಟಿಸಿತು. ಅಂದಹಾಗೆ ಅವಾಸ್ಟ್, ಎವಿಜಿ, ಅವಿರಾ, ನಾರ್ಟನ್ ನಾಲ್ಕೂ ಈಗ ಜೆನ್ ಡಿಜಿಟಲ್ ಎಂಬ ಒಂದೇ ಕಂಪನಿಯವು. ಅವುಗಳ ನಡುವೆ ತೂಗಿ ನೋಡುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಡಿಫೆಂಡರ್ ಬಗ್ಗೆ "ಅದರಿಂದ ಏನೂ ಆಗಲ್ಲ, ಬೇರೆ ಹಾಕಿಕೋ" ಎಂಬ ಮಾತು ಇನ್ನೂ ಓಡಾಡುತ್ತಿದೆ. ಒಂದು ಕಾಲಕ್ಕೆ ಅದು ನಿಜವಾಗಿತ್ತು. ಇದರ ಹಿಂದಿನ ರೂಪವಾದ ಸೆಕ್ಯುರಿಟಿ ಎಸೆನ್ಷಿಯಲ್ಸ್ 2012ರಲ್ಲಿ ಎವಿ-ಟೆಸ್ಟ್‌ನ ಪ್ರಮಾಣಪತ್ರವನ್ನೇ ಕಳೆದುಕೊಂಡಿತ್ತು. ಈಗ ಅದೇ ಪ್ರಯೋಗಾಲಯದಲ್ಲಿ ಡಿಫೆಂಡರ್ 18ಕ್ಕೆ 18ರ ಆಸುಪಾಸಿನಲ್ಲಿ ಅಂಕ ಪಡೆಯುತ್ತದೆ. ದೌರ್ಬಲ್ಯವೂ ಇದೆ: ಪತ್ತೆಯ ಬಹುಪಾಲು ಬುದ್ಧಿ ಕ್ಲೌಡಿನಲ್ಲಿದೆ. ಇಂಟರ್ನೆಟ್ ಇಲ್ಲದಾಗ ಪತ್ತೆಯ ಪ್ರಮಾಣ ಇಳಿಯುತ್ತದೆ ಎಂಬುದು ಎವಿ-ಕಂಪ್ಯಾರಟಿವ್ಸ್ ಪರೀಕ್ಷೆಗಳಲ್ಲಿ ಕಂಡಿದೆ. ನೆಟ್ ಇಲ್ಲದೆ ಪೆನ್‌ಡ್ರೈವ್‌ಗಳಲ್ಲೇ ಫೈಲು ಓಡಾಡಿಸುವ ಯಂತ್ರವಾದರೆ ಇದನ್ನು ಯೋಚಿಸಬೇಕು. ಅಮ್ಮನದು ಸದಾ ನೆಟ್‌ನಲ್ಲಿರುವ ಯಂತ್ರ.

ಡಿಫೆಂಡರ್‌ನ ನಿಜವಾದ ಬೆಲೆ ಇರುವುದು ಎರಡು ಸ್ವಿಚ್ಚುಗಳಲ್ಲಿ. ವಿಂಡೋಸ್ ಸೆಕ್ಯುರಿಟಿ ತೆರೆದು, ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್‌ಗೆ ಹೋಗಿ, ರೆಪ್ಯುಟೇಷನ್ ಬೇಸ್ಡ್ ಪ್ರೊಟೆಕ್ಷನ್ ಒಳಗೆ ನೋಡಿ: ಪೊಟೆನ್ಷಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್ ಅಂತ ಒಂದಿದೆ. ಅದು ಆನ್ ಇರಬೇಕು, ನನಗೆ ಸಿಕ್ಕಾಗ ಆಫ್ ಇತ್ತು. ಅಮ್ಮನಿಗೆ ಅಂಟಿಕೊಂಡಂಥ ಟೂಲ್‌ಬಾರ್, ಹುಡುಕುಪುಟದ ಜಾತಿಯನ್ನು ತಡೆಯುವುದು ಇದೇ. ಇನ್ನೊಂದು ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್ ಕೆಳಗಿರುವ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್. ಇದು ತಾನಾಗಿ ಆನ್ ಆಗಿರುವುದಿಲ್ಲ. ಆನ್ ಮಾಡಿದರೆ ಗುರುತಿಲ್ಲದ ತಂತ್ರಾಂಶ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳಲ್ಲಿ ಏನನ್ನೂ ಬರೆಯಲಾಗದು. ಫೋಟೋಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್‌ಗೆ ದಾರಿ ಬಹಳ ಕಷ್ಟವಾಗುತ್ತದೆ.

ಇದಕ್ಕೊಂದು ಕಿರಿಕಿರಿಯೂ ಇದೆ, ಹೇಳಿಬಿಡುತ್ತೇನೆ. ಅಮ್ಮ ಬಳಸುವ ಹಳೆಯ ಫೋಟೋ ತಿದ್ದುವ ತಂತ್ರಾಂಶ ಚಿತ್ರ ಉಳಿಸಲು ಹೋದಾಗ "ಫೈಲ್ ಸಿಗಲಿಲ್ಲ" ಅಂದಿತು. ಫೈಲು ಕಣ್ಣೆದುರೇ ಇದೆ! ಕಾಲು ಗಂಟೆ ಡಿಸ್ಕನ್ನೇ ಅನುಮಾನಿಸಿದೆ. ಆಮೇಲೆ ಪ್ರೊಟೆಕ್ಷನ್ ಹಿಸ್ಟರಿ ತೆರೆದರೆ, ಬರೆಯಲು ಬಿಡದ್ದು ಇದೇ ಸ್ವಿಚ್ಚು ಎಂದು ಗೊತ್ತಾಯಿತು. ಅನುಮತಿಯ ಪಟ್ಟಿಗೆ ಆ ತಂತ್ರಾಂಶವನ್ನು ಸೇರಿಸಿದೆ, ಮುಗಿಯಿತು. ಮೊದಲ ವಾರ ಇಂಥವು ಎರಡು ಮೂರು ಬರುತ್ತವೆ, ಪಕ್ಕದಲ್ಲಿದ್ದು ಸರಿಮಾಡಿಕೊಡಬೇಕು.

ಬೇರೆ ಕಂಪನಿಯ ಆ್ಯಂಟಿವೈರಸ್ ಹಾಕಿದ ಕೂಡಲೇ ಡಿಫೆಂಡರ್ ಪಕ್ಕಕ್ಕೆ ಸರಿಯುತ್ತದೆ. ಒಂದೇ ಮನೆಗೆ ಇಬ್ಬರು ಕಾವಲುಗಾರರು ಜಗಳವಾಡಬಾರದೆಂದು ವಿಂಡೋಸ್ ಮಾಡಿರುವ ಏರ್ಪಾಡು, ಸರಿಯಾದದ್ದೇ. ಆದರೆ ಅದರ ಜೊತೆಗೆ ಈ ಫೋಲ್ಡರ್ ಕಾವಲೂ ಹೋಗುತ್ತದೆ. ಹೊಸದು ಅದಕ್ಕೆ ಸಮನಾದದ್ದನ್ನು ಉಚಿತವಾಗಿ ಕೊಡುತ್ತದೆಯೇ, ಹಣದ ಆವೃತ್ತಿಗೆ ಮೀಸಲಿಟ್ಟಿದೆಯೇ ಎಂದು ನೋಡದೆ ಬದಲಾಯಿಸಿದರೆ ಇದ್ದದ್ದನ್ನೂ ಕಳೆದುಕೊಂಡಂತೆ. ನಾನು ವರ್ಷಗಟ್ಟಲೆ ಮಾಡಿದ್ದು ಅದನ್ನೇ.

ಬಿಟ್‌ಡಿಫೆಂಡರ್ ಉಚಿತ ಆವೃತ್ತಿ ನನಗೆ ತುಂಬ ಹಿಡಿಸಿತು. ರೊಮೇನಿಯಾದ ಕಂಪನಿ, ಇಮೇಲ್ ಕೊಟ್ಟು ಖಾತೆ ತೆರೆಯಬೇಕು, ಆಮೇಲೆ ಸದ್ದಿಲ್ಲ. ಮೋಸದ ಜಾಲತಾಣಗಳನ್ನು ಯಾವ ಬ್ರೌಸರಿನಲ್ಲಿ ತೆರೆದರೂ ತಡೆಯುತ್ತದೆ. ಡಿಫೆಂಡರ್ ಪಕ್ಷದಲ್ಲಿ ಈ ಕೆಲಸ ಮಾಡುವ ಸ್ಮಾರ್ಟ್‌ಸ್ಕ್ರೀನ್ ಜಾಲತಾಣಗಳ ಮಟ್ಟಿಗೆ ಎಡ್ಜ್ ಬ್ರೌಸರಿನಲ್ಲಿ ಗಟ್ಟಿ. ಕ್ರೋಮ್ ಮತ್ತು ಫೈರ್‌ಫಾಕ್ಸ್‌ನಲ್ಲಿ ಗೂಗಲ್‌ನ ಸೇಫ್ ಬ್ರೌಸಿಂಗ್ ಇರುವುದರಿಂದ ಅಮ್ಮನ ಬಳಕೆಗೆ ವ್ಯತ್ಯಾಸ ಅಷ್ಟು ದೊಡ್ಡದೆನಿಸಲಿಲ್ಲ. ಡಿಫೆಂಡರ್ ಬೇಡ ಎನ್ನುವವರು ಕೇಳಿದರೆ ನಾನು ಹೇಳುವುದು ಇದನ್ನೇ.

ಮಾಲ್‌ವೇರ್‌ಬೈಟ್ಸ್ ಬೇರೆ ಬಗೆಯದು. ಉಚಿತ ಆವೃತ್ತಿ ಕಾವಲು ಕಾಯುವುದಿಲ್ಲ, ಕರೆದಾಗ ಬಂದು ಹುಡುಕಿ ಗುಡಿಸಿ ಹೋಗುತ್ತದೆ. ಮೊದಲ 14 ದಿನ ಪ್ರೀಮಿಯಂ ಟ್ರಯಲ್ ಇದ್ದು, ಆಮೇಲೆ ಈ ಸ್ಥಿತಿಗೆ ಇಳಿಯುತ್ತದೆ. ಟ್ರಯಲ್ ಸಮಯದಲ್ಲಿ ಅದು ವಿಂಡೋಸ್ ಸೆಕ್ಯುರಿಟಿಯಲ್ಲಿ ತನ್ನನ್ನು ನೋಂದಾಯಿಸಿಕೊಳ್ಳುವ ಆಯ್ಕೆಯನ್ನು ಆಫ್ ಮಾಡಿ, ಇಲ್ಲದಿದ್ದರೆ ಡಿಫೆಂಡರ್ ಪಕ್ಕಕ್ಕೆ ಸರಿಯುತ್ತದೆ. ಅಮ್ಮನ ಯಂತ್ರದಲ್ಲಿ ನಾನು ಕೈಯಾರೆ ಕಿತ್ತ ಮೇಲೂ ಉಳಿದಿದ್ದ ಬ್ರೌಸರ್ ಎಕ್ಸ್‌ಟೆನ್ಷನ್ ಚೂರುಗಳನ್ನು ಹೆಕ್ಕಿ ತೋರಿಸಿದ್ದು ಇದೇ. ಆ್ಯಂಟಿವೈರಸ್‌ಗೆ ಬದಲಿಯಾಗಿ ಇದನ್ನು ಇಟ್ಟುಕೊಳ್ಳುವಂತಿಲ್ಲ, ಜೊತೆಗೆ ಇಟ್ಟುಕೊಳ್ಳಲು ಒಳ್ಳೆಯದು.

ಈ ನಾಲ್ಕರಲ್ಲಿ ಯಾವುದೂ ಮಾಡದ ಕೆಲಸ ಒಂದಿದೆ: ವಿಂಡೋಸ್‌ನಲ್ಲಿರುವ ತೂತು ಮುಚ್ಚುವುದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಜಗತ್ತನ್ನೆಲ್ಲ ನಡುಗಿಸಿತಲ್ಲ, ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಅಪ್‌ಡೇಟ್ ಮಾಡದವರು ಸಿಕ್ಕಿಬಿದ್ದರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಇನ್ನೂ ಅದರಲ್ಲೇ ಇರುವವರು ಆ್ಯಂಟಿವೈರಸ್ ಆರಿಸುವ ಮೊದಲು ಅದನ್ನು ಯೋಚಿಸಬೇಕು.

ಅಮ್ಮನ ಲ್ಯಾಪ್‌ಟಾಪಿನಲ್ಲಿ ಈಗಿರುವುದು ಎರಡು ಸ್ವಿಚ್ಚೂ ಆನ್ ಆಗಿರುವ ಡಿಫೆಂಡರ್, ತಿಂಗಳಿಗೊಮ್ಮೆ ನಾನು ಓಡಿಸುವ ಮಾಲ್‌ವೇರ್‌ಬೈಟ್ಸ್, ಮತ್ತು ಫೋಟೋಗಳ ಪ್ರತಿಯಿರುವ, ಕೆಲಸವಾದ ಕೂಡಲೇ ಕಿತ್ತಿಡುವ ಒಂದು ಹೊರಗಿನ ಡಿಸ್ಕ್. ಆರು ವಾರ ಯಾವ ಕಿಟಕಿಯೂ ಬರಲಿಲ್ಲ. ಏಳನೆಯ ವಾರ ಒಳಕೋಣೆಯಿಂದ ಕರೆದಳು: "ಇಲ್ಲಿ ಏನೋ ಬಂದಿದೆ, ಯಾವತ್ತೂ ಬಂದಿರಲಿಲ್ಲ. ನಾನು ಏನೂ ಒತ್ತಿಲ್ಲ, ನೋಡು ಬಾ." ಹೋಗಿ ನೋಡಿದೆ. ವಿಡಿಯೋ ಕತ್ತರಿಸುವ ಯಾವುದೋ ತಂತ್ರಾಂಶದ ಜೊತೆ ಬಂದ ಟೂಲ್‌ಬಾರನ್ನು ಡಿಫೆಂಡರ್ ಬಾಗಿಲಲ್ಲೇ ಹಿಡಿದು ನಿಲ್ಲಿಸಿತ್ತು.