ಬ್ಯಾರೋಸ್ಟಿಮ್: ಹೃದಯ ವೈಫಲ್ಯಕ್ಕೆ ಕತ್ತಿನಲ್ಲೊಂದು ಕಡಿವಾಣ

ಪೇಸ್‌ಮೇಕರ್‌ಗಿಂತ ತುಸು ದೊಡ್ಡ ಡಬ್ಬಿ, ಎದೆಯ ಮೇಲ್ಭಾಗದಲ್ಲಿ ಚರ್ಮದಡಿ. ಅಲ್ಲಿಂದ ಒಂದೇ ತಂತಿ ಕತ್ತಿಗೆ, ಕರೋಟಿಡ್ ಸೈನಸ್‌ನ (ಮಿದುಳಿಗೆ ರಕ್ತ ಒಯ್ಯುವ ನಾಳದಲ್ಲಿ ರಕ್ತದೊತ್ತಡ ಗ್ರಹಿಸುವ ಜಾಗ) ಹೊರಗೋಡೆಗೆ. ಹೃದಯದೊಳಗೆ ಏನೂ ಇಳಿಯುವುದಿಲ್ಲ. ಸಿವಿಆರ್‌ಎಕ್ಸ್ ಕಂಪನಿಯ ಈ ಸಾಧನಕ್ಕೆ ಹೃದಯ ವೈಫಲ್ಯದ (ಹೃದಯ ಸಾಕಷ್ಟು ರಕ್ತ ಒತ್ತಲಾಗದ ಸ್ಥಿತಿ) ಚಿಕಿತ್ಸೆಗೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು 2019ರಲ್ಲಿ.

ಇದು ಮಾತಾಡುವುದು ಮಿದುಳಿನ ಜೊತೆ. ಸೈನಸ್‌ನ ಗೋಡೆ ಹಿಗ್ಗಿದರೆ ಆ ಸುದ್ದಿ ಗ್ಲಾಸೊಫ್ಯಾರಿಂಜಿಯಲ್ ನರದ ಮೂಲಕ ಮಿದುಳಿನ ಬುಡದ ಮೆಡುಲ್ಲಾದಲ್ಲಿರುವ ಎನ್‌ಟಿಎಸ್ ಎಂಬ ನರಕೇಂದ್ರಕ್ಕೆ ತಲುಪುತ್ತದೆ. ಮುಂದೆ ಗಾಬಾ ಎಂಬ ತಡೆಯೊಡ್ಡುವ ರಾಸಾಯನಿಕ ಸುರಿಸುವ ನರಕೋಶಗಳು ಆರ್‌ವಿಎಲ್‌ಎಂ ಎಂಬ ಕೇಂದ್ರವನ್ನು ಹಿಡಿದು ನಿಲ್ಲಿಸುತ್ತವೆ. ಹೃದಯದ ಬಡಿತ, ರಕ್ತದೊತ್ತಡ ಏರಿಸುವ ಸಿಂಪಥೆಟಿಕ್ ನರಗಳನ್ನು ಓಡಿಸುವ ಎಂಜಿನ್ ಅದೇ. ಹೃದಯ ವೈಫಲ್ಯದಲ್ಲಿ ಈ ಹಿಡಿತ ಸಡಿಲ. ಆರ್‌ವಿಎಲ್‌ಎಂನಲ್ಲೂ ಹೈಪೊಥಾಲಮಸ್‌ನ ಪಿವಿಎನ್ ಎಂಬ ಭಾಗದಲ್ಲೂ ಒತ್ತಡ ಏರಿಸುವ ಹಾರ್ಮೋನ್ ಆಂಜಿಯೊಟೆನ್ಸಿನ್‌ನ ಎಟಿ1 ಗ್ರಾಹಿಗಳು ಹೆಚ್ಚುತ್ತವೆ, ಆಕ್ಸಿಡೇಟಿವ್ ಒತ್ತಡ ಏರುತ್ತದೆ, ನೈಟ್ರಿಕ್ ಆಕ್ಸೈಡ್ ಇಳಿಯುತ್ತದೆ, ಗಾಬಾದ ತಡೆ ಕುಂದಿ, ನರಗಳನ್ನು ಕೆರಳಿಸುವ ಗ್ಲುಟಮೇಟ್‌ನ ಮಾತೇ ನಡೆಯುತ್ತದೆ. (ಈ ವಿವರ ಬಹುಪಾಲು ಇಲಿ, ಮೊಲಗಳಲ್ಲಿ ಕಂಡದ್ದು.) ಬೀಟಾ ಬ್ಲಾಕರ್ ಎಂಬ ಹೃದಯದ ಔಷಧಿ ಕೆಲಸ ಮಾಡುವುದು ದಾರಿಯ ಕೊನೆಯಲ್ಲಿ, ಹೃದಯದ ಗ್ರಾಹಿಗಳ ಬಾಗಿಲಲ್ಲಿ. ಬ್ಯಾರೋಸ್ಟಿಮ್ ದಾರಿಯ ಆರಂಭದಲ್ಲೇ 'ಒತ್ತಡ ಹೆಚ್ಚಾಗಿದೆ' ಎಂಬ ಸುಳ್ಳು ಸುದ್ದಿ ಕಳಿಸಿ ಮಿದುಳೇ ಲಗಾಮು ಎಳೆಯುವಂತೆ ಮಾಡುತ್ತದೆ.

ಫಲ ನಿಂತಿರುವುದು ಶಸ್ತ್ರಚಿಕಿತ್ಸೆಯ ಕೆಲವು ನಿಮಿಷಗಳ ಮೇಲೆ. ಎಲೆಕ್ಟ್ರೋಡನ್ನು ಸೈನಸ್‌ನ ಮೇಲೆ ಒಂದೊಂದೇ ಜಾಗಕ್ಕೆ ಒತ್ತಿ, ಕರೆಂಟ್ ಹಾಯಿಸಿ, ಹೃದಯ ಬಡಿತವೋ ರಕ್ತದೊತ್ತಡವೋ ಎಲ್ಲಿ ಇಳಿಯುತ್ತದೆಂದು ಹುಡುಕಬೇಕು. ಸಿಕ್ಕ ಜಾಗದಲ್ಲೇ ಹೊಲಿಗೆ. ಉಸಿರಿನ ಮೂಲಕ ಕೊಡುವ ಅರಿವಳಿಕೆ ಅನಿಲಗಳು ಈ ಪ್ರತಿವರ್ತನೆಯನ್ನೇ ಮಂಕಾಗಿಸುವುದರಿಂದ ಹುಡುಕಾಟ ಮುಗಿಯುವವರೆಗೆ ಅವನ್ನು ದೂರವಿಟ್ಟು, ಓಪಿಯಾಯ್ಡ್ (ಅಫೀಮಿನ ಬಗೆಯ ನೋವುನಿವಾರಕ) ಆಧಾರಿತ ಅರಿವಳಿಕೆ ಬಳಸುತ್ತಾರೆ. ಇಲ್ಲಿ ಅವಸರಪಟ್ಟರೆ ಮುಂದೆ ಮಿಲಿಆಂಪ್ ಏರಿಸಿದಷ್ಟೂ ಫಲದ ಬದಲು ಕಿರಿಕಿರಿಯೇ ಬರುತ್ತದೆ: ಕೆಮ್ಮು, ಗಂಟಲಲ್ಲಿ ಜುಮ್ಮೆನ್ನುವಿಕೆ, ಕತ್ತಿನ ಸ್ನಾಯುವಿನ ಸೆಳೆತ. ಕರೆಂಟ್ ಪಕ್ಕದ ನರಗಳಿಗೆ ಸೋರಿತೆಂದೇ ಅರ್ಥ.

ಕರೆಂಟನ್ನು ಒಂದೇ ಸಲ ಏರಿಸುವಂತಿಲ್ಲ. ಹಲವು ಭೇಟಿಗಳಲ್ಲಿ ಹಂತಹಂತವಾಗಿ, ಪ್ರತಿ ಹಂತಕ್ಕೂ ಬಿಪಿ, ನಾಡಿ ನೋಡುತ್ತಾ ಹೋಗಬೇಕು. ಐಸಿಡಿ (ಅಪಾಯಕಾರಿ ಬಡಿತವನ್ನು ಷಾಕ್ ಕೊಟ್ಟು ಸರಿಪಡಿಸುವ ಸಾಧನ) ಇದ್ದವರಲ್ಲಿ ಅದು ಈ ಮಿಡಿತಗಳನ್ನು ಹೃದಯದ್ದೆಂದು ತಪ್ಪು ತಿಳಿಯುತ್ತಿಲ್ಲವೇ ಎಂದೂ ಪರೀಕ್ಷಿಸಬೇಕು. ಬ್ಯಾಟರಿ ರೀಚಾರ್ಜ್ ಆಗದು, ಮುಗಿದರೆ ಡಬ್ಬಿಯನ್ನೇ ಬದಲಿಸಬೇಕು. ಕರೆಂಟ್ ಹೆಚ್ಚಿದಷ್ಟೂ ಆ ದಿನ ಹತ್ತಿರ.

ಫಲಿತಾಂಶ? ಬೀಟ್-ಎಚ್‌ಎಫ್ ಪ್ರಯೋಗದ ಮೊದಲ ಹಂತದಲ್ಲಿ, ಆರು ತಿಂಗಳಿಗೆ, ಔಷಧಿ ಮಾತ್ರ ಪಡೆದವರಿಗಿಂತ ಆರು ನಿಮಿಷದ ನಡಿಗೆ ಸುಮಾರು 60 ಮೀಟರ್ ಹೆಚ್ಚಿತು, ಹೃದಯದ ಮೇಲಿನ ಹೊರೆ ತೋರಿಸುವ ರಕ್ತದ ಅಂಶ ಎನ್‌ಟಿ-ಪ್ರೊಬಿಎನ್‌ಪಿ ಸುಮಾರು ಶೇ. 25 ತಗ್ಗಿತು. ಆದರೆ ಯಾರಿಗೆ ಏನು ಸಿಕ್ಕಿದೆ ಎಂಬುದು ಎರಡೂ ಗುಂಪಿಗೆ ಗೊತ್ತಿತ್ತು. ನಡಿಗೆ, ಉಸಿರಾಟದ ಸುಧಾರಣೆ ಇಂಥ ನಿರೀಕ್ಷೆಗೆ ಬಾಗುವಂಥದ್ದು. ರಕ್ತದ ಎನ್‌ಟಿ-ಪ್ರೊಬಿಎನ್‌ಪಿ ಅಷ್ಟು ಸುಲಭವಾಗಿ ಬಾಗದು. 323 ಮಂದಿಯನ್ನು ದೀರ್ಘಕಾಲ ಹಿಂಬಾಲಿಸಿದ ಮುಂದಿನ ಹಂತದಲ್ಲಿ ಹೃದಯಸಂಬಂಧಿ ಸಾವು ಮತ್ತು ಹೃದಯ ವೈಫಲ್ಯದ ತೊಡಕುಗಳನ್ನು ಸೇರಿಸಿದ ಮುಖ್ಯ ಅಳತೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಸಿಂಪಥೆಟಿಕ್ ಚಟುವಟಿಕೆ ಇಳಿದರೆ ಸಾಕೆಂಬವರಿಗೆ ಮಾಕ್ಸೊನಿಡಿನ್‌ನ ಪಾಠವಿದೆ. ಮಿದುಳಿನಲ್ಲೇ ಕೆಲಸ ಮಾಡುವ ಆ ಮಾತ್ರೆ ಸಿಂಪಥೆಟಿಕ್ ನರಗಳು ಸುರಿಸುವ ನಾರ್‌ಎಪಿನೆಫ್ರಿನ್ ಅನ್ನು ರಕ್ತದಲ್ಲಿ ಚೆನ್ನಾಗಿಯೇ ಇಳಿಸಿತು. ಸಾವು ಮಾತ್ರ ಏರಿತು, ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಬ್ಯಾರೋಸ್ಟಿಮ್‌ನಲ್ಲಿ ಅಂಥ ಅಪಾಯ ಕಂಡಿಲ್ಲ. ಹಾಗೆಂದು ಆಯುಷ್ಯ ಹೆಚ್ಚಿಸುವ ಸಾಧನವೆಂದು ಇದನ್ನು ಹೊಗಳುವುದೂ ಸಲ್ಲ.

ಔಷಧಿಗಳೆಲ್ಲ ಸರಿಯಾದ ಪ್ರಮಾಣ ಮುಟ್ಟಿದ ಮೇಲೂ ನಾಲ್ಕು ಹೆಜ್ಜೆಗೇ ಏದುಸಿರು, ಇಜೆಕ್ಷನ್ ಫ್ರಾಕ್ಷನ್ (ಪ್ರತಿ ಬಡಿತಕ್ಕೆ ಹೃದಯ ಹೊರತಳ್ಳುವ ರಕ್ತದ ಪಾಲು) ಶೇ. 35 ಅಥವಾ ಕಡಿಮೆ, ಸಿಆರ್‌ಟಿಗೆ (ಹೃದಯದ ಎರಡೂ ಬದಿ ಒಟ್ಟಿಗೆ ಬಡಿಯುವಂತೆ ಮಾಡುವ ಪೇಸ್‌ಮೇಕರ್) ಅರ್ಹತೆ ಇಲ್ಲ: ಅಂಥವರಿಗೆ ಕೇಳಿ ನೋಡಬಹುದಾದ ಆಯ್ಕೆ. ಕರೋಟಿಡ್ ಶೇ. 50ಕ್ಕಿಂತ ಹೆಚ್ಚು ಕಟ್ಟಿದ್ದರೆ, ಅದರ ಕವಲು ಎರಡೂ ಬದಿಯಲ್ಲಿ ದವಡೆಗಿಂತ ಮೇಲಿದ್ದರೆ, ಹತೋಟಿಯಿಲ್ಲದ ನಿಧಾನ ಬಡಿತವಿದ್ದರೆ ಬೇಡ. ಬೀಟಾ ಬ್ಲಾಕರ್ ಬಿಡುವ ನೆಪಕ್ಕಂತೂ ಖಂಡಿತ ಅಲ್ಲ.