ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಬಂಕಿನ ಇ20 ಪೆಟ್ರೋಲ್: ಉಡುಪಿಯ ಮಳೆಗಾಲ ಕಂಡ ಮೇಲಿನ ವಿಮರ್ಶೆ

ಇಂಜಿನ್ ಲೆಕ್ಕಕ್ಕೆ ನಾಲ್ಕು ಸ್ಟಾರ್. ಟ್ಯಾಂಕ್ ಮತ್ತು ಪೈಪಿನ ಲೆಕ್ಕಕ್ಕೆ ಎರಡು. ಹಾರುವ ಲೆಕ್ಕಕ್ಕೆ ಸದ್ಯ ಸ್ಟಾರೇ ಇಲ್ಲ.

ಮೊದಲೇ ಹೇಳಿಬಿಡುತ್ತೇನೆ, ನನ್ನ ವಿಮಾನ ಇನ್ನೂ ಹಾರಿಲ್ಲ. ಹಿರಿಯಡ್ಕದ ಕಡೆ ಮನೆ ಹಿಂದಿನ ಶೆಡ್ಡಿನಲ್ಲಿ ಎರಡು ಸೀಟಿನದ್ದೊಂದು ಕಟ್ಟುತ್ತಿದ್ದೇನೆ. ಹಳೆ ಎಸ್ಟೀಮ್ ಕಾರಿನ 1.3 ಲೀಟರ್ ಕಾರ್ಬುರೇಟರ್ ಇಂಜಿನ್, ಫೈಬರ್ ಟ್ಯಾಂಕ್. ಕಾಗದಪತ್ರ ಎಲ್ಲ ಆಗುವವರೆಗೆ ಬಾಲಕ್ಕೆ ಹಗ್ಗ ಹಾಕಿ ತೆಂಗಿನ ಮರಕ್ಕೆ ಕಟ್ಟಿ ನೆಲದಲ್ಲೇ ಇಂಜಿನ್ ಓಡಿಸುವುದು. 2023ರಿಂದ ಇದಕ್ಕೆ ಕುಡಿಸುತ್ತಿರುವುದು ಬಂಕಿನ ಮಾಮೂಲಿ ಪೆಟ್ರೋಲ್. ಈಗ ಅದು ಇ20, ಅಂದರೆ ಶೇ. 20 ಎಥನಾಲ್ (ಒಂದು ಬಗೆಯ ಆಲ್ಕೋಹಾಲ್) ಬೆರೆಸಿದ ಪೆಟ್ರೋಲ್. ಹಾಗಾಗಿ ಇದು ನೆಲದ ಅನುಭವ. ಆಕಾಶದಲ್ಲಿ ಏನಾಗುತ್ತದೆ ಎಂಬ ಮಾತು ಬಂದಲ್ಲಿ ಅದು ಲೆಕ್ಕಾಚಾರ ಅಷ್ಟೆ.

ಇ20 ಬೇಡ, ಶುದ್ಧ ಪೆಟ್ರೋಲ್ ಕೊಡಿ ಎಂದು ಮಾಮೂಲಿ ಬಂಕಿನಲ್ಲಿ ಕೇಳಿದರೆ ಹುಡುಗರು ನಗುತ್ತಾರೆ. 2022ರ ಜೂನ್ ಹೊತ್ತಿಗೆ ದೇಶದಲ್ಲಿ ಶೇ. 10ರ ಮಿಶ್ರಣ ಮುಟ್ಟಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಬಿಡುಗಡೆ ಆಯಿತು. ಈಗ ಎಲ್ಲ ಕಡೆ ಅದೇ. ತಮಾಷೆ ಏನೆಂದರೆ, ಸುರತ್ಕಲ್ ಹತ್ತಿರ ಎಂಆರ್‌ಪಿಎಲ್ ರಿಫೈನರಿಯಲ್ಲಿ ಪೆಟ್ರೋಲ್ ತಯಾರಾಗುವಾಗ ಅದರಲ್ಲಿ ಎಥನಾಲ್ ಇರುವುದಿಲ್ಲ. ಎಥನಾಲ್ ಸೇರುವುದು ಆಮೇಲೆ, ಡಿಪೋದಲ್ಲಿ. ನಮ್ಮ ಮೂಗಿನ ಕೆಳಗೇ ತಯಾರಾಗುವ ಮಾಲು, ಆದರೆ ನಮ್ಮ ಕೈಗೆ ಬರುವಾಗ ಕಬ್ಬು, ಮೆಕ್ಕೆಜೋಳದಿಂದ ತೆಗೆದ ಎಥನಾಲ್ ಸೇರಿಕೊಂಡಿರುತ್ತದೆ.

ಎಷ್ಟು ಸೇರಿದೆ ಎಂದು ನೋಡುವುದು ಸುಲಭ. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ 100 ಎಂಎಲ್ ಗಾಜಿನ ಅಳತೆ ಜಾಡಿ ಸಿಗುತ್ತದೆ. 10ರ ಗೆರೆವರೆಗೆ ನೀರು ಹಾಕಿ. ಅಡುಗೆಮನೆಯ ಕೇಸರಿ ಬಣ್ಣ ಒಂದು ಚಿಟಿಕೆ ಹಾಕಿದರೆ ಗೆರೆ ಚೆನ್ನಾಗಿ ಕಾಣುತ್ತದೆ. 100ರವರೆಗೆ ಪೆಟ್ರೋಲ್ ತುಂಬಿ, ಮುಚ್ಚಿ, ಕುಲುಕಿ, ಇಟ್ಟುಬಿಡಿ. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಕಡೆ ಹೋಗುತ್ತದೆ. ನೀರಿನ ಗೆರೆ 10ರಲ್ಲೇ ನಿಂತರೆ ಎಥನಾಲ್ ಇಲ್ಲ. ನನ್ನ ಜಾಡಿಯಲ್ಲಿ ಅದು 25 ದಾಟಿ ನಿಂತಿತು. ಆ ಕೇಸರಿ ಪಟ್ಟಿ ಮೇಲೇರಿದ್ದನ್ನು ಒಮ್ಮೆ ಕಣ್ಣಾರೆ ನೋಡಿದರೆ ಶೇ. 20 ಎಂದರೆ ಎಷ್ಟು ಎಂದು ಅಂದಾಜಾಗುತ್ತದೆ.

ಇದೇ ಉಪಾಯದಿಂದ ಎಥನಾಲ್ ತೊಳೆದು ತೆಗೆದು, ಉಳಿದ ಪೆಟ್ರೋಲ್ ಬಳಸುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಎಥನಾಲ್ ಜೊತೆ ಆಕ್ಟೇನ್ (ಇಂಜಿನ್ ಒಳಗೆ ಬಡಿತ ಬಾರದಂತೆ ತಡೆಯುವ ಇಂಧನದ ಗುಣ) ಕೂಡ ಇಳಿಯುತ್ತದೆ, ಎಷ್ಟಕ್ಕೆ ಇಳಿಯಿತು ಎಂದು ಮನೆಯಲ್ಲಿ ಅಳೆಯಲು ಆಗುವುದಿಲ್ಲ. ತೊಳೆದ ನೀರನ್ನು ಚೆಲ್ಲುವುದಾದರೂ ಎಲ್ಲಿ? ನಮ್ಮಲ್ಲಿ ಮನೆಗೊಂದು ಬಾವಿ ಉಂಟು.

ಇಂಜಿನ್ ವಿಷಯಕ್ಕೆ ಬಂದರೆ ದೂರು ಕಡಿಮೆ. ಎಥನಾಲ್‌ನ ಆಕ್ಟೇನ್ ಜಾಸ್ತಿ, ಹಾಗಾಗಿ ಫುಲ್ ಥ್ರಾಟಲ್‌ನಲ್ಲೂ ಬಡಿತ ಕೇಳಿಸಲಿಲ್ಲ. ಆದರೆ ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಮ್ಮಿ. ಇ20ಗೆ ಲೆಕ್ಕ ಹಾಕಿದರೆ ಲೀಟರಿಗೆ ಶೇ. 7ರ ಹತ್ತಿರ ನಷ್ಟ. ಗಾಳಿಯ ಲೆಕ್ಕವೂ ಬದಲಾಗುತ್ತದೆ: ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದರೆ ಎಥನಾಲ್‌ಗೆ 9 ಪಾಲು ಸಾಕು. ಕಾರ್ಬುರೇಟರ್‌ನಲ್ಲಿ ಇಂಧನ ಬಿಡುವ ಸಣ್ಣ ತೂತಿನ ಜೆಟ್ ಹಳೆಯದನ್ನೇ ಬಿಟ್ಟರೆ ಇಂಜಿನ್‌ಗೆ ಇಂಧನ ಸಾಲದೆ ಬಿಸಿ ಏರುತ್ತದೆ. ಸ್ವಲ್ಪ ದೊಡ್ಡ ಮೇನ್ ಜೆಟ್ ಹಾಕಿದ ಮೇಲೆ ಸೈಲೆನ್ಸರಿನ ಬಿಸಿ ಇಳಿಯಿತು. ಅಲ್ಲಿಗೆ ಇಂಜಿನ್ ಕತೆ ಮುಗಿಯಿತು.

ತಲೆನೋವೆಲ್ಲ ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗೆ.

ಟ್ಯಾಂಕ್ ಕಟ್ಟುವ ಮುಂಚೆ ಬೇರೆ ಬೇರೆ ರೆಸಿನ್‌ನಲ್ಲಿ (ಫೈಬರನ್ನು ಗಟ್ಟಿ ಮಾಡುವ ಅಂಟು) ಮಾಡಿದ ಫೈಬರ್ ತುಂಡುಗಳನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಇ20ಯೊಳಗೆ ಮುಳುಗಿಸಿ, ಅಟ್ಟದ ಮೇಲೆ ಇಟ್ಟಿದ್ದೆ. ತಿಂಗಳುಗಳ ನಂತರ ತೆಗೆದಾಗ ಮಾಮೂಲಿ ಪಾಲಿಯೆಸ್ಟರ್ ರೆಸಿನ್‌ನ ತುಂಡಿನ ಮೇಲೆ ಉಗುರು ಒತ್ತಿದರೆ ಗೀರು ಬೀಳುತ್ತಿತ್ತು. ವಿನೈಲ್ ಎಸ್ಟರ್ ತುಂಡು ಹಾಕಿದ ಹಾಗೇ ಗಟ್ಟಿ. ಟ್ಯಾಂಕ್ ಅದರಲ್ಲೇ ಮಾಡಿದೆ. ಹಳೆ ವಿಮಾನಗಳಲ್ಲಿ ಟ್ಯಾಂಕಿನ ಒಳಗೆ ಬಳಿಯುತ್ತಿದ್ದ ಸೀಲರ್‌ಗಳ ಬಗ್ಗೆಯೂ ಎಚ್ಚರ ಬೇಕು. ಆಲ್ಕೋಹಾಲ್ ತಾಗಿದರೆ ಅದು ಪದರ ಪದರವಾಗಿ ಏಳುತ್ತದೆ, ಫಿಲ್ಟರಿಗೆ ಬಂದು ಕೂರುತ್ತದೆ.

ಪೈಪಿನ ಪಾಠ ಕಲಿಸಿದ್ದು ಮಲ್ಪೆಯಲ್ಲಿ ದೋಣಿ ಇಂಜಿನ್ ರಿಪೇರಿ ಮಾಡುವ ಒಬ್ಬರು. ಪರೀಕ್ಷೆಗೆಂದೇ ಹಾಕಿದ್ದ ಮಾಮೂಲಿ ನೈಟ್ರೈಲ್ ರಬ್ಬರ್ ಪೈಪನ್ನು ಬಿಚ್ಚಿ ಅವರ ಕೈಗೆ ಕೊಟ್ಟೆ. ಎರಡು ಬೆರಳಲ್ಲಿ ಹಿಚುಕಿ ನೋಡಿದರು.

"ಎಂತ ಮಾರಾಯ್ರೇ ಇದು, ಬಸಳೆ ದಂಟಿನ ಹಾಗೆ ಆಗಿದೆ. ಒಳಗೆ ನೋಡಿ, ಓಟೆ ಎಷ್ಟು ಸಣ್ಣ ಆಗಿದೆ."

ಪೈಪ್ ಊದಿ ಒಳಗಿನ ದಾರಿ ಕಿರಿದಾಗಿತ್ತು, ಅವರ ಬೆರಳಿಗೆ ಮಸಿ ಅಂಟಿತ್ತು. ಪಾರದರ್ಶಕ ಯುರೆಥೇನ್ ಪೈಪಿನದ್ದು ಉಲ್ಟಾ ಕತೆ: ಹಳದಿಯಾಗಿ, ಗಟ್ಟಿಯಾಗಿ, ಬಗ್ಗಿಸಿದರೆ ಬಿರುಕು. ಈಗ ಒಳಗೆ ಟೆಫ್ಲಾನ್ ಇರುವ ಪೈಪ್, ವೈಟಾನ್ ಎಂಬ ರಬ್ಬರಿನ ಓ-ರಿಂಗ್ (ಸೋರದಂತೆ ತಡೆಯುವ ಬಳೆ). ದುಡ್ಡು ಜಾಸ್ತಿ, ಆದರೆ ಆಮೇಲೆ ಕೈ ಹಾಕಬೇಕಾಗಿ ಬಂದಿಲ್ಲ.

ಇನ್ನು ನೀರು. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಸುರಿಯುವ ಊರಲ್ಲಿ ಈ ಮಾತು ಬಾರದೆ ಇರುತ್ತದಾ? ಎಥನಾಲ್ ಗಾಳಿಯಿಂದ ತೇವ ಎಳೆಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಿಜವೇ, ಆದರೆ ಟ್ಯಾಂಕಿಗೆ ಗಾಳಿಯಾಡಲು ಬಿಟ್ಟ ಸಣ್ಣ ವೆಂಟ್ ಪೈಪಿನ ಮೂಲಕ ಅದು ಬಹಳ ನಿಧಾನ. ನಾನು ಕಂಡಂತೆ ದೊಡ್ಡ ಕಳ್ಳ ಟ್ಯಾಂಕಿನ ಮುಚ್ಚಳ. ಓ-ರಿಂಗ್ ಸ್ವಲ್ಪ ಚಪ್ಪಟೆಯಾದರೆ ಸಾಕು, ಆಟಿಯ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಮಳೆ ನೇರ ಒಳಗೆ.

ಬರೀ ಪೆಟ್ರೋಲ್ ಆದರೆ ನೀರು ತಳಕ್ಕೆ ಇಳಿಯುತ್ತದೆ, ಬೆಳಿಗ್ಗೆ ಡ್ರೇನ್ ತಿರುಗಿಸಿದರೆ ಹೊರಗೆ ಬರುತ್ತದೆ. ಇ20ಯಲ್ಲಿ ಸ್ವಲ್ಪ ನೀರು ಕರಗಿ ಕಾಣದೆ ಕೂತಿರುತ್ತದೆ. ಹಿಡಿಯುವಷ್ಟು ಹಿಡಿದ ಮೇಲೆ ಒಮ್ಮೆಲೇ ನೀರು, ಎಥನಾಲ್ ಎರಡೂ ಜೊತೆಯಾಗಿ ತಳ ಸೇರುತ್ತವೆ. ಆ ತಳದ ಪದರದಲ್ಲಿ ಇಂಜಿನ್ ಓಡುವುದಿಲ್ಲ. ಮೇಲೆ ಉಳಿದದ್ದಕ್ಕೆ ಆಕ್ಟೇನ್ ಕಮ್ಮಿ. ತಣ್ಣಗಾದಷ್ಟೂ ನೀರು ಹಿಡಿಯುವ ತಾಕತ್ತು ಕಡಿಮೆ. ಸಾವಿರ ಅಡಿ ಏರಿದರೆ ಸುಮಾರು 2 ಡಿಗ್ರಿ ಇಳಿಯುತ್ತದೆ. ಅಂದರೆ ಬೆಳಿಗ್ಗೆ ಶೆಡ್ಡಿನಲ್ಲಿ ಡ್ರೇನ್ ಮಾಡಿದಾಗ ತಿಳಿಯಾಗಿ ಕಂಡ ಪೆಟ್ರೋಲ್, 6000 ಅಡಿಯಲ್ಲಿ ಮಬ್ಬಾಗಿ ಒಡೆಯಬಹುದು. ನನಗೆ ಹೆದರಿಕೆ ಇರುವುದು ಇದೊಂದಕ್ಕೇ. ಪೈಪ್ ಕೆಟ್ಟರೆ ಕೈಗೆ ಗೊತ್ತಾಗುತ್ತದೆ, ಇದು ಕಣ್ಣಿಗೂ ಕಾಣುವುದಿಲ್ಲ.

ಮಳೆಗಾಲದಲ್ಲಿ ಪೆಟ್ರೋಲ್ ಬಿಟ್ಟಿದ್ದ ಕಾರ್ಬುರೇಟರ್ ಬಿಚ್ಚಿದಾಗ ಬೌಲಿನ ತಳದಲ್ಲಿ ಬಿಳಿ ಪುಡಿ ಕೂತಿತ್ತು. ಈಗ ಪತ್ತನಾಜೆ (ಮೇ ಕೊನೆಗೆ, ಮಳೆಗಾಲದ ಮುಂಚೆ ಬರುವ ತುಳುವರ ದಿನ) ಹೊತ್ತಿಗೆ ಟ್ಯಾಂಕ್, ಬೌಲ್ ಎರಡನ್ನೂ ಪೂರ್ತಿ ಖಾಲಿ ಮಾಡುತ್ತೇನೆ. ಇಳಿಸಿದ್ದು ಸ್ಕೂಟರಿಗೆ ಹೋಗುತ್ತದೆ. ಮನೆಯಲ್ಲಿ ಇದರ ಬಗ್ಗೆ ಮಾತ್ರ ಯಾರದ್ದೂ ತಕರಾರಿಲ್ಲ!

ಗೇಜ್ ಬಗ್ಗೆ ಯಾರೂ ಹೇಳದ ಒಂದು ಸಂಗತಿ ಇದೆ. ಕೆಪಾಸಿಟಿವ್ ಮಾದರಿಯ ಇಂಧನ ಗೇಜ್ ಪೆಟ್ರೋಲಿನ ವಿದ್ಯುತ್ ಗುಣ ನೋಡಿ ಮಟ್ಟ ಹೇಳುತ್ತದೆ. ಆ ಅಳತೆಯಲ್ಲಿ ಪೆಟ್ರೋಲಿಗೆ 2 ಎಂದರೆ ಎಥನಾಲ್‌ಗೆ 24ರ ಹತ್ತಿರ. ಬರೀ ಪೆಟ್ರೋಲಿಗೆ ಹೊಂದಿಸಿದ ಗೇಜ್‌ಗೆ ಇ20 ಹಾಕಿದರೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಕಮ್ಮಿ ತೋರಿಸಿದ್ದರೆ ಚಿಂತೆ ಇರಲಿಲ್ಲ, ಅಲ್ವಾ? ಟ್ಯಾಂಕಿನ ಪಕ್ಕ ಮಟ್ಟ ಕಣ್ಣಿಗೇ ಕಾಣುವ ಒಂದು ಸೈಟ್ ಗ್ಲಾಸ್ ಹಾಕಿದ್ದೇನೆ, ನಂಬುವುದು ಅದನ್ನೇ.

ಮೇ ತಿಂಗಳ ಸೆಕೆಯಲ್ಲಿ ಇಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರು ಮಾಡಿದಾಗ ಪ್ರೆಶರ್ ಮುಳ್ಳು ನಡುಗುತ್ತಿತ್ತು, ಪೈಪಿನೊಳಗೆ ಆವಿ. ಪಂಪನ್ನು ಟ್ಯಾಂಕಿನ ಹತ್ತಿರ ಸರಿಸಿ, ಟ್ಯಾಂಕಿಗೆ ವಾಪಸ್ ಹೋಗುವ ಒಂದು ಲೈನ್ ಕೊಟ್ಟ ಮೇಲೆ ನಿಂತಿತು. ಕಾರ್ಬುರೇಟರ್ ಹೀಟ್ (ಕಾರ್ಬುರೇಟರ್‌ಗೆ ಬಿಸಿ ಗಾಳಿ ಕೊಡುವ ಏರ್ಪಾಡು) ಮಾತ್ರ ಬಿಡಬೇಡಿ. ಎಥನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಜಾಸ್ತಿ ತಣ್ಣಗೆ ಮಾಡುತ್ತದೆ, ಕರಾವಳಿಯ ಗಾಳಿಯಲ್ಲಿ ತೇವಕ್ಕೆ ಬರ ಇಲ್ಲ. 25 ಡಿಗ್ರಿ ಇದ್ದರೂ ಒಳಗೆ ಮಂಜು ಕಟ್ಟಬಹುದು.

ಸಣ್ಣ ವಿಮಾನಗಳಿಗೆಂದೇ ಮಾಡಿದ ರೊಟ್ಯಾಕ್ಸ್ 912 ಇಂಜಿನ್ ಇಟ್ಟುಕೊಂಡವರಿಗೆ ಈ ವಿಮರ್ಶೆಯಿಂದ ಉಪಯೋಗ ಕಮ್ಮಿ. ಆ ಸರಣಿಗೆ ಕಂಪನಿ ಒಪ್ಪುವುದು ಇ10ರವರೆಗೆ ಮಾತ್ರ. ಬಂಕಿನದ್ದು ಅದರ ದುಪ್ಪಟ್ಟು. "ನನ್ನದು ಓಡ್ತಾ ಉಂಟಲ್ಲ" ಎನ್ನುವ ವಾದ ಅಲ್ಲಿ ನಡೆಯುವುದಿಲ್ಲ. ವಿಮಾನದ ಪೆಟ್ರೋಲ್ ಆದ ಅವ್‌ಗ್ಯಾಸ್ 100ಎಲ್ಎಲ್‌ನಲ್ಲಿ ಎಥನಾಲ್ ಇಲ್ಲ, 2022ರಿಂದ ಇಂಡಿಯನ್ ಆಯಿಲ್ ಅದನ್ನು ಗುಜರಾತಿನ ರಿಫೈನರಿಯಲ್ಲಿ ತಯಾರಿಸುತ್ತಿದೆ. ಆದರೆ ಅದರಲ್ಲಿ ಸೀಸ ಇದೆ, ಕಾರಿನ ಇಂಜಿನ್‌ನಲ್ಲಿ ಪ್ಲಗ್ಗಿಗೆ ಕೂರುತ್ತದೆ. ನೆಲದ ಓಟಕ್ಕೆ ಇ20 ಮುಂದುವರಿಸುತ್ತೇನೆ. ಹಾರುವ ದಿನ ಬಂದರೆ ಅವ್‌ಗ್ಯಾಸ್ ತುಂಬಿಸಿ, ಪ್ಲಗ್ ಆಗಾಗ ಬಿಚ್ಚಿ ಉಜ್ಜುವುದು ವಾಸಿ.