ಆರ್‌ಟಿಎಕ್ಸ್ 3060 ಬಹುಕಾಲದ ಬಳಕೆಯ ನಂತರ: ಕಾರ್ಡ್ ಗಟ್ಟಿ, ಕೈಕೊಟ್ಟಿದ್ದು ಕೇಬಲ್

ನನ್ನದು ಎನ್ವಿಡಿಯಾದ ಆರ್‌ಟಿಎಕ್ಸ್ 3060, 12 ಜಿಬಿ ಮೆಮೊರಿ ಇರುವ ಗ್ರಾಫಿಕ್ಸ್ ಕಾರ್ಡ್. ಮೊದಲು ಹಳೆಯ ಪಿಸಿಯಲ್ಲಿ ಓಡಿತು, ಈಗ ಹೊಸದರಲ್ಲಿ ಓಡುತ್ತಿದೆ. ನಡುವೆ ಒಂದಷ್ಟು ದಿನ ಹೊಸ ಪಿಸಿಯಲ್ಲಿ ಓಡಲೇ ಇಲ್ಲ. ಈ ಕಾರ್ಡಿನ ಬೆಂಚ್‌ಮಾರ್ಕ್ ವಿಡಿಯೊಗಳು ಬೇಕಾದಷ್ಟು ಸಿಗುತ್ತವೆ. ಹಾಗಾಗಿ ಆ ಓಡದ ದಿನಗಳ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ಹಳೆಯದರಲ್ಲಿ ಇದ್ದದ್ದು ರೈಜೆನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್. ಹೊಸದರಲ್ಲಿ ರೈಜೆನ್ 5 5600, ಬಿ550 ಬೋರ್ಡ್, 650 ವ್ಯಾಟಿನ ಪವರ್ ಸಪ್ಲೈ, ಪಕ್ಕಕ್ಕೆ ಗಾಜಿರುವ ಕ್ಯಾಬಿನೆಟ್. ಕಾರ್ಡನ್ನು ಗಾಜಿನ ಕಡೆ ಮುಖ ಮಾಡಿ ನಿಲ್ಲಿಸಲು ಬ್ರಾಕೆಟ್ಟೂ, ಕಾರ್ಡನ್ನು ಬೋರ್ಡಿನ ಸ್ಲಾಟಿಗೆ ದೂರದಿಂದಲೇ ಸೇರಿಸುವ ರೈಸರ್ ಕೇಬಲ್ಲೂ ಕ್ಯಾಬಿನೆಟ್ ಜೊತೆಗೇ ಬಂದಿದ್ದವು. ನೋಡಲು ಚೆಂದ, ಅಲ್ವಾ? ಹಾಗೇ ಜೋಡಿಸಿದೆ. ಬಟನ್ ಒತ್ತಿದರೆ ಫ್ಯಾನ್‌ಗಳು ತಿರುಗಿದವು, ಬಣ್ಣದ ಲೈಟ್‌ಗಳೆಲ್ಲ ಹತ್ತಿದವು, ಮಾನಿಟರ್ ಮಾತ್ರ ‘ನೋ ಸಿಗ್ನಲ್’ ಅಂದಿತು. ಬೋರ್ಡಿನ ಅಂಚಿನಲ್ಲಿ ನಾಲ್ಕು ಪುಟ್ಟ ದೀಪಗಳಿರುತ್ತವೆ. ಅವುಗಳಲ್ಲಿ ಸಿಪಿಯು, ಡಿರ‍್ಯಾಮ್ ದೀಪಗಳು ಹತ್ತಿ ಆರಿದವು. ವಿಜಿಎ ದೀಪ ಹತ್ತಿದ್ದು ಆರಲೇ ಇಲ್ಲ. ಪ್ರೊಸೆಸರ್, ರ‍್ಯಾಮ್ ಎರಡನ್ನೂ ದಾಟಿ ಬಂದ ಬೋರ್ಡು ಕಾರ್ಡಿನ ಹತ್ತಿರ ನಿಂತುಬಿಟ್ಟಿದೆ ಅಂತ ಅದರರ್ಥ.

ಮಾನಿಟರ್ ಕೇಬಲ್ ಕಾರ್ಡಿನ ಪೋರ್ಟಿನಲ್ಲೇ ಇತ್ತು. ರೈಜೆನ್ 5 5600ರಲ್ಲಿ ಒಳಗೆ ಗ್ರಾಫಿಕ್ಸೇ ಇಲ್ಲ, ಆದ್ದರಿಂದ ಬೋರ್ಡಿನ ಎಚ್‌ಡಿಎಂಐ ಪೋರ್ಟ್ ಹೇಗೂ ಉಪಯೋಗಕ್ಕೆ ಬರುವುದಿಲ್ಲ. ಕರೆಂಟಿನ ಲೆಕ್ಕವೂ ಸರಿ ಇತ್ತು. ಕಾರ್ಡಿಗೆ ಬೇಕಾದದ್ದು 170 ವ್ಯಾಟ್. ಸ್ಲಾಟ್ ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ, ಉಳಿದದ್ದು 8 ಪಿನ್‌ನ ವೈರಿನಿಂದ ಬರಬೇಕು. ಇಲ್ಲಿ ಒಂದು ಮಾತು: ಪ್ರೊಸೆಸರ್‌ಗೆ ಹೋಗುವ ವೈರಿಗೂ 8 ಪಿನ್ ಇರುತ್ತದೆ, ಅದು 4+4. ಕಾರ್ಡಿಗೆ ಹಾಕಬೇಕಾದದ್ದು 6+2, ಪಿಸಿಐಇ ಅಂತ ಬರೆದಿರುವುದು. ಒಂದರ ಜಾಗಕ್ಕೆ ಇನ್ನೊಂದನ್ನು ಒತ್ತಿ ತುರುಕಬೇಡಿ.

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯೊಂದಕ್ಕೆ ಫೋನ್ ಮಾಡಿದರೆ, “ಕಾರ್ಡೇ ಹೋಗಿರುತ್ತೆ ಸರ್, ತಗೊಂಡು ಬನ್ನಿ, ಎಕ್ಸ್‌ಚೇಂಜ್‌ನಲ್ಲಿ ಬೇರೆ ಕೊಡ್ತೀನಿ” ಎಂಬ ಉತ್ತರ ಬಂತು. ಆದರೆ ಕಾರ್ಡನ್ನು ಹಳೆಯ ಪಿಸಿಗೆ ಹಾಕಿದರೆ ಓಡುತ್ತಿತ್ತು. ಸರಿ, ರೈಸರ್ ಕೆಟ್ಟಿರಬೇಕು ಅಂತ ಅದನ್ನೂ ಹಳೆಯ ಪಿಸಿಗೇ ಸಿಕ್ಕಿಸಿ ನೋಡಿದೆ. ಅದೂ ಓಡಿತು! ಹೊಸ ಬೋರ್ಡಿನದೇ ತಕರಾರು ಅಂದುಕೊಂಡರೆ, ರೈಸರ್ ಇಲ್ಲದೆ ಕಾರ್ಡನ್ನು ಸೀದಾ ಅದರ ಸ್ಲಾಟಿಗೆ ಹಾಕಿದಾಗ ಚಿತ್ರ ಬಂತು. ಒಂದೊಂದೇ ನೋಡಿದರೆ ಮೂರೂ ಸರಿ. ಮೂರನ್ನೂ ಒಟ್ಟಿಗೆ ಸೇರಿಸಿದರೆ ಕತ್ತಲೆ.

ಗುಟ್ಟು ಇರುವುದು ಪಿಸಿಐಇ, ಅಂದರೆ ಕಾರ್ಡನ್ನು ಬೋರ್ಡಿಗೆ ಸೇರಿಸುವ ದಾರಿಯ ಜನರೇಶನ್‌ನಲ್ಲಿ (ಚಿಕ್ಕದಾಗಿ ಜೆನ್). ಆನ್ ಆದ ಕೂಡಲೇ ಕಾರ್ಡೂ ಬೋರ್ಡೂ ಯಾವ ವೇಗದಲ್ಲಿ ಮಾತಾಡಬೇಕು ಅಂತ ತೀರ್ಮಾನಿಸಿಕೊಳ್ಳುತ್ತವೆ. ಬಿ450ರಲ್ಲಿ ಅದು ಜೆನ್ 3ಕ್ಕೆ ನಿಲ್ಲುತ್ತದೆ, ಒಂದು ಲೇನಿಗೆ, ಅಂದರೆ ಡೇಟಾ ಓಡಾಡುವ ಒಂದು ಸಾಲಿಗೆ, ಸೆಕೆಂಡಿಗೆ 8 ಗಿಗಾಟ್ರಾನ್ಸ್‌ಫರ್. ಬಿ550 ಬೋರ್ಡ್, 5600, 3060 ಮೂರಕ್ಕೂ ಜೆನ್ 4 ಗೊತ್ತು, ಅಂದರೆ 16. ನನ್ನ ಕ್ಯಾಬಿನೆಟ್ಟಿನ ರೈಸರ್ ಜೆನ್ 3ಕ್ಕೆ ಮಾಡಿದ್ದು. ಎರಡು ಕಡೆಯೂ ಜೆನ್ 4 ಅಂತ ಒಪ್ಪಿಕೊಂಡವು, ನಡುವಿನ ಕೇಬಲ್ ಆ ವೇಗ ತಡೆಯಲಿಲ್ಲ. ಲಿಂಕ್ ಕೆಟ್ಟರೆ ತಾನಾಗಿಯೇ ಕೆಳಗಿನ ವೇಗಕ್ಕೆ ಇಳಿಯಬೇಕು ಎನ್ನುವುದು ನಿಯಮ. ಪ್ರತಿ ಸಲ ಇಳಿಯುವುದಿಲ್ಲ.

ಪರಿಹಾರಕ್ಕೆ ಕಾಸು ಬೇಡ. ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟ) ಮೊದಲ ಪಿಸಿಐಇ ಸ್ಲಾಟಿನ ಲಿಂಕ್ ಸ್ಪೀಡನ್ನು ಆಟೋದಿಂದ ಜೆನ್ 3ಕ್ಕೆ ಬದಲಿಸಿದರೆ ಮುಗಿಯಿತು. ಬೋರ್ಡಿನಿಂದ ಬೋರ್ಡಿಗೆ ಈ ಸೆಟ್ಟಿಂಗಿನ ಹೆಸರು ಸ್ವಲ್ಪ ಬೇರೆ. ಆದರೆ ಚಿತ್ರವೇ ಬಾರದೆ ಬಯೋಸ್ ಹೇಗೆ ನೋಡುವುದು? ಮೊದಲು ಕಾರ್ಡನ್ನು ಸೀದಾ ಸ್ಲಾಟಿಗೆ ಹಾಕಿ, ಸೆಟ್ಟಿಂಗ್ ಬದಲಿಸಿ ಸೇವ್ ಮಾಡಿ, ಪವರ್ ತೆಗೆದು, ಆಮೇಲೆ ರೈಸರ್ ಜೋಡಿಸಿ. 5600ರ ಬದಲು 5600ಜಿ ಇರುವವರಿಗೆ ಈ ಗೋಳು ಬರುವುದಿಲ್ಲ, ಆ ಪ್ರೊಸೆಸರ್ ಜೆನ್ 3 ದಾಟುವುದೇ ಇಲ್ಲ.

ಕೆಲವರಿಗೆ ಪೂರ್ತಿ ಕತ್ತಲೆ ಆಗದೆ, ಗೇಮ್ ಮಧ್ಯೆ ಸ್ಕ್ರೀನ್ ಹೋಗುವುದು, ಪಿಸಿ ರೀಸ್ಟಾರ್ಟ್ ಆಗುವುದು ಇರುತ್ತದೆ. ರೈಸರ್ ಬಳಸುತ್ತಿದ್ದರೆ ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ-ಲಾಗರ್ ಹೆಸರಿನ ಹಾರ್ಡ್‌ವೇರ್ ದೋಷದ ಎಚ್ಚರಿಕೆಗಳು ಸಾಲಾಗಿ ಬಿದ್ದಿವೆಯಾ ನೋಡಿ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್‌ನಲ್ಲಿ ಲಿಂಕ್ ವೇಗವೂ ಕಾಣುತ್ತದೆ. ಸುಮ್ನೆ ಇದ್ದಾಗ ಅದು 1.1 ಅಂತ ತೋರಿಸಿದರೆ ಗಾಬರಿ ಬೇಡ, ಕರೆಂಟ್ ಉಳಿಸಲು ಕಾರ್ಡ್ ತಾನೇ ಇಳಿಯುತ್ತದೆ. ಪಕ್ಕದ ಪ್ರಶ್ನೆ ಗುರುತು ಒತ್ತಿ ರೆಂಡರ್ ಟೆಸ್ಟ್ ಓಡಿಸಿದರೆ ನಿಜವಾದ ಅಂಕಿ ಬರುತ್ತದೆ.

ಜೆನ್ 3ಕ್ಕೆ ಇಳಿಸಿದ್ದರಿಂದ ಗೇಮ್‌ಗಳಲ್ಲಿ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ, ಈ ಕಾರ್ಡಿಗೆ 16 ಲೇನ್ ಇವೆ. ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡ್ ಇರುವವರು ಮಾತ್ರ ಯೋಚಿಸಬೇಕು. ಅದಕ್ಕಿರುವುದು ನಾಲ್ಕೇ ಲೇನ್, ಜೆನ್ 3ರಲ್ಲಿ ಚೆನ್ನಾಗಿಯೇ ಪೆಟ್ಟು ಬೀಳುತ್ತದೆ.

ಇಷ್ಟಾದರೂ ಕಾಟ ಪೂರ್ತಿ ತಪ್ಪಲಿಲ್ಲ. ಬಯೋಸ್ ಅಪ್‌ಡೇಟ್ ಮಾಡಿದಾಗ ಸೆಟ್ಟಿಂಗ್ ಮತ್ತೆ ಆಟೋಗೆ ಹೋಯಿತು, ಮಾನಿಟರ್ ಮತ್ತೆ ಕಪ್ಪು. ಜೊತೆಗೆ ಬೇಸಿಗೆಯಲ್ಲಿ ಗಾಜಿಗೆ ಅಂಟಿಕೊಂಡಂತಿದ್ದ ಕಾರ್ಡಿನ ಫ್ಯಾನ್‌ಗಳ ಸದ್ದು ಜಾಸ್ತಿಯಾಗುತ್ತಿತ್ತು, ಗಾಳಿ ಎಳೆದುಕೊಳ್ಳಲು ಜಾಗವಿಲ್ಲ. ಜೆನ್ 4 ರೈಸರ್‌ಗೆ ದುಡ್ಡು ಹಾಕುವ ಬದಲು ಕಾರ್ಡನ್ನು ಸೀದಾ ಸ್ಲಾಟಿಗೇ ಹಾಕಿದೆ. ಈಗ ತಣ್ಣಗಿದೆ, ಸದ್ದಿಲ್ಲ.

ಕಾರ್ಡ್ ಬಗ್ಗೆ ಹೇಳುವುದಾದರೆ, 1080ಪಿಯಲ್ಲಿ ಈಗಲೂ ಆರಾಮ. 12 ಜಿಬಿ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಗೇಮ್‌ಗಿಂತ 3ಡಿ ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಿ. ಗೇಮ್ ವೇಗ ಹೆಚ್ಚಿಸುವ ಎನ್ವಿಡಿಯಾದ ಡಿಎಲ್‌ಎಸ್‌ಎಸ್ ಇದೆ, ಅದರ ಫ್ರೇಮ್ ಜನರೇಶನ್ (ನಡುವೆ ಹೆಚ್ಚುವರಿ ಫ್ರೇಮ್ ಸೇರಿಸುವುದು) ಇಲ್ಲ, ಅದಕ್ಕೆ 40 ಸರಣಿಯ ಅಥವಾ ಅದಕ್ಕಿಂತ ಹೊಸ ಕಾರ್ಡೇ ಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಒಂದು ನೋಡಿಕೊಳ್ಳಿ: ಇದೇ 3060 ಹೆಸರಿನಲ್ಲಿ 8 ಜಿಬಿ ಮಾಡೆಲ್ಲೂ ಇದೆ. ಅದರ ಮೆಮೊರಿ ಬಸ್ 192 ಬಿಟ್ ಅಲ್ಲ, 128. ವೇಗದಲ್ಲೂ ಹಿಂದೆ.

ಕಾರ್ಡಿಗೆ ಐದಕ್ಕೆ ನಾಲ್ಕು. ರೈಸರ್‌ಗೆ ಒಂದು, ಅದೂ ಹಳೆಯ ಪಿಸಿಯಲ್ಲಿ ಓಡಿತಲ್ಲ ಅಂತ.